ಕಳಶ, ವಾದ್ಯ, ಸುಣ್ಣ: ಧರ್ಮದ ಜಗಳ ಎಲ್ಲಿ ಹೊತ್ತಿಕೊಳ್ಳುತ್ತದೆ, ಹೇಗೆ ಆರುತ್ತದೆ

ಶಕವರ್ಷ 1290, ಕೀಲಕ ಸಂವತ್ಸರದ ಭಾದ್ರಪದ ಮಾಸ. ಕ್ರಿ.ಶ. ಲೆಕ್ಕದಲ್ಲಿ 1368. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ವಿಜಯನಗರದ ಬುಕ್ಕರಾಯನ ಮುಂದೆ ಬಂದು, ಶ್ರೀವೈಷ್ಣವ ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಬಿನ್ನಹ ಮಾಡಿಕೊಂಡರು. ರಾಯ ಕೊಟ್ಟ ತೀರ್ಪು ಶ್ರವಣಬೆಳಗೊಳದ ಭಂಡಾರಿ ಬಸದಿಯ ಆವರಣದ ಕಲ್ಲಿನ ಮೇಲೆ ಇವತ್ತಿಗೂ ಇದೆ. ಆತ್ಮ ಎಂದರೇನು, ವೇದ ಪ್ರಮಾಣ ಹೌದೋ ಅಲ್ಲವೋ, ಲೋಕಕ್ಕೆ ಕರ್ತನೊಬ್ಬ ಇದ್ದಾನೋ ಇಲ್ಲವೋ ಎಂದು ಎರಡೂ ಕಡೆಯ ಪಂಡಿತರು ನೂರಾರು ವರ್ಷ ವಾದಿಸಿದ್ದರು. ಅದರಲ್ಲಿ ಒಂದೂ ಆ ತೀರ್ಪಿನಲ್ಲಿಲ್ಲ. ಇರುವುದು ಐದು ವಾದ್ಯ, ಒಂದು ಕಳಶ, ಮನೆಗೊಂದು ಹಣ, ಇಪ್ಪತ್ತು ಕಾವಲಾಳು ಮತ್ತು ಹಳೆಯ ಬಸದಿಗಳಿಗೆ ಸುಣ್ಣ.

ಹಿಂಸೆಗೆ ಧರ್ಮ ಕಾರಣವೋ ಮನುಷ್ಯನ ಸ್ವಭಾವ ಕಾರಣವೋ ಎಂಬ ಚರ್ಚೆ ಎಲ್ಲ ಕಾಲದಲ್ಲೂ ನಡೆದಿದೆ. ಆ ಚರ್ಚೆಯನ್ನು ಆಕಾಶದಲ್ಲಿ ನಡೆಸಿದರೆ ಕೈಗೆ ಏನೂ ಸಿಗುವುದಿಲ್ಲ. ಜಗಳ ಯಾವ ವಸ್ತುವಿನ ಮೇಲೆ ಬಂತು, ಯಾರು ಯಾರಿಗೆ ದೂರು ಕೊಟ್ಟರು, ರಾಜಿಯಲ್ಲಿ ಏನು ಬರೆದರು, ಖರ್ಚು ಯಾರ ತಲೆಗೆ ಬಿತ್ತು ಎಂದು ಕೇಳುತ್ತ ಹೋದರೆ ಧರ್ಮ ಎಲ್ಲಿ ನಿಲ್ಲುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ ಎಂಬುದು ಸ್ವಲ್ಪ ಸ್ವಲ್ಪವಾಗಿ ಕಾಣುತ್ತದೆ. ಬೆಳಗೊಳದ ಶಾಸನವನ್ನು ನಾವು ಶಾಲೆಯಲ್ಲಿ ಸರ್ವಧರ್ಮ ಸಮನ್ವಯದ ಉದಾಹರಣೆಯಾಗಿ ಓದಿ ಮುಗಿಸಿಬಿಡುತ್ತೇವೆ. ಅದಕ್ಕಿಂತ ಹೆಚ್ಚಿನದು ಅದರಲ್ಲಿದೆ, ಆದ್ದರಿಂದ ಅದನ್ನು ಬಿಚ್ಚಿ ನೋಡಬೇಕು.

ಮೊದಲು ವಾದ್ಯ ಮತ್ತು ಕಳಶ. ‘ಪೂರ್ವಮರಿಯಾದೆಯಲು ಪಂಚಮಹಾವಾದ್ಯಂಗಳೂ ಕಳಶವೂ ಸಲುವುದು’ ಎನ್ನುತ್ತದೆ ಶಾಸನ. ಮೊದಲಿನಿಂದ ನಡೆದುಬಂದ ಪದ್ಧತಿಯಂತೆ ಜೈನರಿಗೆ ಇವೆರಡರ ಹಕ್ಕಿದೆ ಎಂದು ಅರ್ಥ. ಪಂಚಮಹಾವಾದ್ಯ ಎಂದರೆ ಕೊಂಬು, ತಮ್ಮಟೆ, ಶಂಖ, ಭೇರಿ, ಜಯಗಂಟೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇವು ಬರೀ ಸಂಗೀತಕ್ಕೆ ಇದ್ದವಲ್ಲ, ಬಿರುದಿನ ಹಾಗೆ ಇದ್ದವು. ಅರಸನೋ ದೊಡ್ಡ ಸಮುದಾಯವೋ ಒಪ್ಪಿಕೊಟ್ಟವರು ಮಾತ್ರ ಇವನ್ನು ಬಾರಿಸಿಕೊಂಡು ಬೀದಿಯಲ್ಲಿ ಹೋಗಬಹುದಿತ್ತು. ಒಬ್ಬನ ಮುಂದೆ ಭೇರಿ ಬಾರಿಸಿದರೆ ಅವನು ಯಾರೆಂದು ಊರಿಗೆ ತಿಳಿಯುತ್ತಿತ್ತು. ಬಾರಿಸಬಾರದು ಎಂದು ತಡೆದರೆ ಅವನು ಏನಲ್ಲ ಎಂಬುದೂ ತಿಳಿಯುತ್ತಿತ್ತು.

ಕಿಡಿ ಬೀಳುವ ಜಾಗ ಇದೇ. ಮೋಕ್ಷ ಒಬ್ಬನಿಗೆ ಸಿಕ್ಕಿತೆಂದು ಇನ್ನೊಬ್ಬನಿಗೆ ಕಡಿಮೆ ಬೀಳುವುದಿಲ್ಲ. ಬೀದಿಯಲ್ಲಿ ಮೊದಲು ಹೋಗುವ ಹಕ್ಕು ಹಾಗಲ್ಲ. ಇಬ್ಬರು ಒಟ್ಟಿಗೆ ಮೊದಲು ಹೋಗಲಾಗದು. ಮಠದೊಳಗೆ ಕೂತು ಒಬ್ಬ ಏನನ್ನು ನಂಬುತ್ತಾನೆ ಎಂಬುದು ಪಕ್ಕದ ಮನೆಯವನಿಗೆ ಕೇಳಿಸುವುದಿಲ್ಲ, ತಮ್ಮಟೆಯ ಸದ್ದು ಕೇಳಿಸುತ್ತದೆ. ಸಿದ್ಧಾಂತದಲ್ಲಿ ಎಷ್ಟೇ ಅಂತರವಿದ್ದರೂ ಜನ ಅದನ್ನು ತಲೆಮಾರುಗಟ್ಟಲೆ ಸಹಿಸಿಕೊಂಡು ಬಾಳುತ್ತಾರೆ. ಗೌರವದಲ್ಲಿ ಕೂದಲಷ್ಟು ವ್ಯತ್ಯಾಸವಾದರೆ ಒಂದೇ ಸಂಜೆಯಲ್ಲಿ ದೊಣ್ಣೆ ಎತ್ತುತ್ತಾರೆ. ಇದು ಜೈನರ ಸ್ವಭಾವವೂ ಅಲ್ಲ, ವೈಷ್ಣವರ ಸ್ವಭಾವವೂ ಅಲ್ಲ. ನಮ್ಮೆಲ್ಲರದೂ.

ಫ್ರಾನ್ಸಿನಲ್ಲೂ ಹೀಗೇ ಆಯಿತು. ಅಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ಮೂವತ್ತಾರು ವರ್ಷ ನಡೆದ ಯುದ್ಧಗಳು ಶುರುವಾದದ್ದು 1562ರ ಮಾರ್ಚ್ 1ರಂದು, ವಾಸಿ ಎಂಬ ಸಣ್ಣ ಪಟ್ಟಣದ ಒಂದು ಕಣಜದಲ್ಲಿ. ಅದೇ ವರ್ಷದ ಜನವರಿಯಲ್ಲಿ ಹೊರಟ ರಾಜಾಜ್ಞೆ ಪಟ್ಟಣದ ಗೋಡೆಯಾಚೆ ಪ್ರಾರ್ಥನೆ ಮಾಡಲು ಪ್ರೊಟೆಸ್ಟಂಟರಿಗೆ ಅವಕಾಶ ಕೊಟ್ಟಿತ್ತು. ಅವರು ಪ್ರಾರ್ಥನೆಗೆ ಸೇರಿದ್ದ ಈ ಕಣಜ ಇದ್ದದ್ದು ಗೋಡೆಯೊಳಗೆ. ಆ ದಾರಿಯಾಗಿ ಬಂದ ಕ್ಯಾಥೊಲಿಕ್ ನಾಯಕ ಗೀಸ್‌ನ ಡ್ಯೂಕ್‌ನ ಆಳುಗಳಿಗೂ ಒಳಗಿದ್ದವರಿಗೂ ಬಾಗಿಲಲ್ಲಿ ತಳ್ಳಾಟವಾಯಿತು, ಕಲ್ಲು ತೂರಿಬಂದವು, ಕೊನೆಗೆ ಹತ್ತಾರು ಹೆಣ ಬಿದ್ದವು. ಅವತ್ತಿನ ಪ್ರಶ್ನೆ ಗೋಡೆಯ ಒಳಗೋ ಹೊರಗೋ ಎಂಬುದಾಗಿತ್ತು, ದೇವರು ಹೇಗಿದ್ದಾನೆ ಎಂಬುದಾಗಿರಲಿಲ್ಲ.

ಹಾಗಾದರೆ ಧರ್ಮವನ್ನೇ ತೆಗೆದುಬಿಟ್ಟರೆ ಗುಂಪುಗಾರಿಕೆಯೂ ಹೋಗುತ್ತದೆಯೇ? 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮನೋವಿಜ್ಞಾನಿ ಮುಜಫರ್ ಷರೀಫ್ ಮತ್ತು ಅವರ ಸಂಗಡಿಗರು ಬೇಸಿಗೆ ಶಿಬಿರವೊಂದರಲ್ಲಿ ಇದನ್ನು ಹತ್ತಿರದಿಂದ ನೋಡಿದರು. ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರು, ಎಲ್ಲರೂ ಒಂದೇ ಬಣ್ಣ, ಒಂದೇ ಅಂತಸ್ತು, ಎಲ್ಲರೂ ಪ್ರೊಟೆಸ್ಟಂಟರು. ಮೊದಲೇ ಪರಿಚಯವಿಲ್ಲದ ಅವರನ್ನು ಎರಡು ಗುಂಪು ಮಾಡಿ ಬೇರೆ ಬೇರೆ ಬಿಡಾರದಲ್ಲಿಟ್ಟರು. ಗುಂಪುಗಳು ತಾವೇ ಹೆಸರಿಟ್ಟುಕೊಂಡವು, ಬಾವುಟ ಮಾಡಿಕೊಂಡವು. ಆಮೇಲೆ ಬಹುಮಾನ ಇಟ್ಟು ಪಂದ್ಯ ಆಡಿಸಿದರು. ಹಗ್ಗಜಗ್ಗಾಟದಲ್ಲಿ ಸೋತ ಗುಂಪು ಗೆದ್ದವರ ಬಾವುಟ ಸುಟ್ಟಿತು. ಮರುದಿನ ಸುಟ್ಟವರ ಬಾವುಟಕ್ಕೂ ಅದೇ ಗತಿ. ಮುಂದೆ ಬಿಡಾರಗಳ ಮೇಲೆ ದಾಳಿ ನಡೆಯಿತು. ದೇವರ ಮಾತೇ ಇಲ್ಲದ ಜಾಗದಲ್ಲಿ ಒಂದು ಬಟ್ಟೆಯ ತುಂಡು ಹುಡುಗರಿಗೆ ಪೂಜ್ಯವೂ ಆಯಿತು, ಸುಡುವ ವಸ್ತುವೂ ಆಯಿತು.

ಈ ಪ್ರಯೋಗವನ್ನು ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ, ಅದು ಬೇಸರದ ವಿಷಯ. ಹಿಂದಿನ ವರ್ಷ, 1953ರಲ್ಲಿ, ಷರೀಫ್ ಇಂಥದೇ ಇನ್ನೊಂದು ಶಿಬಿರ ಮಾಡಿ ವಿಫಲರಾಗಿದ್ದರು. ಅಲ್ಲಿ ಹುಡುಗರು ಮೊದಲು ಒಟ್ಟಿಗೆ ಬೆರೆತು ಗೆಳೆಯರಾಗಿದ್ದರು. ಆಮೇಲೆ ಗುಂಪು ಮಾಡಿದರೂ ಜಗಳ ಹತ್ತಲಿಲ್ಲ. ಅಂದರೆ ಬಣಗಟ್ಟುವುದು ಮನುಷ್ಯನಲ್ಲಿ ಇರುವ ಗುಣ ನಿಜ, ಆದರೆ ಅದು ಯಾವಾಗ ಏಳುತ್ತದೆ ಎಂಬುದು ಸುತ್ತಲಿನ ಏರ್ಪಾಡಿನ ಮೇಲೆ ನಿಂತಿದೆ. ‘ಮನುಷ್ಯ ಇರುವುದೇ ಹೀಗೆ’ ಎಂದು ಕೈಚೆಲ್ಲುವುದಕ್ಕೆ ಇದು ಆಧಾರ ಆಗಲಾರದು.

ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರ ಮೇಲೆ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ನಡೆಸಿದ ಪ್ರಯೋಗದ್ದು ಇನ್ನೂ ತೆಳುವಾದ ಗೆರೆ. ನಿನಗೆ ಈ ಚಿತ್ರಕಾರ ಇಷ್ಟ, ಅವನಿಗೆ ಆ ಚಿತ್ರಕಾರ ಇಷ್ಟ ಎಂಬ ನೆಪದ ಮೇಲೆ ಹುಡುಗರನ್ನು ವಿಂಗಡಿಸಿ, ಉಳಿದವರಿಗೆ ಹಣ ಹಂಚಲು ಹೇಳಿದರು. ಹಣ ಪಡೆಯುವವನು ತಮ್ಮ ಗುಂಪಿನವನೋ ಅಲ್ಲವೋ ಎಂದಷ್ಟೇ ಅವರಿಗೆ ತಿಳಿದಿತ್ತು, ಅವನು ಯಾರೆಂದು ಗೊತ್ತಿರಲಿಲ್ಲ. ಆದರೂ ತಮ್ಮವರಿಗೆ ಒಟ್ಟಾರೆ ಸ್ವಲ್ಪ ಕಡಿಮೆ ಸಿಕ್ಕರೂ ಸರಿ, ಎದುರಿನವರಿಗಿಂತ ಹೆಚ್ಚು ಸಿಗಬೇಕು ಎಂಬ ಕಡೆಗೇ ಹಲವರು ವಾಲಿದರು. ಲಾಭಕ್ಕಿಂತ ಅಂತರ ಮುಖ್ಯವಾಯಿತು. ತಮ್ಮಟೆಯ ಜಗಳವನ್ನು ಇದರ ಪಕ್ಕ ಇಟ್ಟು ನೋಡಿ: ಇನ್ನೊಬ್ಬರ ಬೀದಿಯಲ್ಲಿ ವಾದ್ಯ ನಿಲ್ಲಿಸಿದರೆ ನನಗೆ ಒಂದು ಕಾಸೂ ಹೆಚ್ಚು ಬರುವುದಿಲ್ಲ, ಬರುವುದು ಅಂತರ ಒಂದೇ.

ಧರ್ಮದ ಪಾಲು ಏನೂ ಇಲ್ಲ ಎಂದಂತಾಯಿತೇ? ಇಲ್ಲ. ಬಾವುಟದ ಜಗಳ ಶಿಬಿರ ಮುಗಿದರೆ ಮುಗಿಯುತ್ತದೆ. ಧರ್ಮ ಅದೇ ಜಗಳಕ್ಕೆ ನೆನಪು ಕೊಡುತ್ತದೆ, ಸೋಲು ಗೆಲುವುಗಳಿಗೆ ಲೋಕದಾಚೆಯ ತೂಕ ಕೊಡುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಒಂದು ಶಾಸನವಿದೆ. ಅದರಲ್ಲಿ ಏಕಾಂತದ ರಾಮಯ್ಯನ ಕಥೆ ಬರುತ್ತದೆ. ಜೈನರೊಡನೆ ವಾದ ಬೆಳೆದು ಪಣವಾಗುತ್ತದೆ: ರಾಮಯ್ಯ ತನ್ನ ತಲೆ ಕಡಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆದರೆ ಅವರು ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸಬೇಕು. ಇದನ್ನು ಓಲೆಯ ಮೇಲೆ ಬರೆಸಿಕೊಳ್ಳುತ್ತಾನೆ. ಏಳನೆಯ ದಿನ ತಲೆ ಮರಳಿತು, ಜೈನರು ಮಾತು ತಪ್ಪಿದರು, ರಾಮಯ್ಯ ಬಿಂಬ ಒಡೆದ ಎನ್ನುತ್ತದೆ ಶಾಸನ. ದೂರು ಕಳಚುರಿ ಬಿಜ್ಜಳನವರೆಗೆ ಹೋಯಿತು. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ. ಇದೇ ಪ್ರಸಂಗವನ್ನು ಆ ದೇವಾಲಯದ ಗೋಡೆಯಲ್ಲಿ ಶಿಲ್ಪವಾಗಿಯೂ ಕೆತ್ತಿದ್ದಾರೆ.

ಇದು ಗೆದ್ದ ಕಡೆಯವರು ಬರೆಸಿದ ಕಲ್ಲು ಎಂಬುದನ್ನು ನೆನಪಿಟ್ಟು ಅದರ ಒಳಗಿನ ಕೆಲಸ ನೋಡಬೇಕು. ಪಣ ಬಂದಕೂಡಲೇ ಅರ್ಧ ದಾರಿಯ ರಾಜಿ ಸತ್ತುಹೋಯಿತು. ಒಂದೋ ಜಿನ, ಒಂದೋ ಶಿವ. ಪವಾಡ ಬಂದಕೂಡಲೇ ಎದುರಿನವರ ವಾದಕ್ಕೆ ಬೆಲೆ ಹೋಯಿತು, ಏಕೆಂದರೆ ದೇವರೇ ಸಾಕ್ಷಿ ಹೇಳಿಬಿಟ್ಟ. ಬಿಂಬ ಒಡೆದದ್ದು ಅಪರಾಧವಾಗಿ ಉಳಿಯದೆ ಕರಾರಿನ ಜಾರಿಯಾಯಿತು. ಕೊನೆಗೆ ಅದೆಲ್ಲ ಕಲ್ಲಿಗೆ ಹತ್ತಿತು, ಸೋತವರ ಮೊಮ್ಮಕ್ಕಳೂ ಅದರ ಮುಂದೆಯೇ ಓಡಾಡಬೇಕು. ಧರ್ಮದ ಹಿಂಸೆ ಉಳಿದ ಹಿಂಸೆಗಿಂತ ಹೆಚ್ಚು ಕಾಲ ಬದುಕುವುದು ಈ ನಾಲ್ಕು ತಿರುವುಗಳಿಂದ.

ಇನ್ನು ಮಾತು. ದೊಣ್ಣೆ ಎದ್ದೇಳುವುದಕ್ಕೆ ಬಹಳ ಮೊದಲೇ ಮಾತು ಹದ ತಪ್ಪಿರುತ್ತದೆ ಎಂಬುದನ್ನು ಅಶೋಕ ಅರಿತಿದ್ದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂಬುದು ಗೊತ್ತಾಯಿತು. ಅದರಲ್ಲಿ ಅವನ ಹನ್ನೆರಡನೆಯ ಬಂಡೆಶಾಸನದ ಭಾಗವಿದೆ. ಎಲ್ಲ ಪಂಥಗಳ ಸಾರ ಬೆಳೆಯಬೇಕು, ಅದರ ಮೂಲ ‘ವಚಗುತಿ’, ಅಂದರೆ ಮಾತಿನ ಮೇಲಿನ ಹಿಡಿತ ಎನ್ನುತ್ತದೆ ಆ ಶಾಸನ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಬೇರೆಯದನ್ನು ತೆಗಳಬಾರದು. ಸಂದರ್ಭವಿದ್ದರೂ ಮಿತವಾಗಿ ಆಡಬೇಕು. ತನ್ನ ಪಂಥದ ಮೇಲಿನ ಭಕ್ತಿಯಿಂದಲೇ ಹಾಗೆ ಮಾಡುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಬರೀ ಬುದ್ಧಿ ಹೇಳಿ ಅವನು ಸುಮ್ಮನಾಗಲಿಲ್ಲ, ಈ ಕೆಲಸಕ್ಕೆ ಧರ್ಮಮಹಾಮಾತ್ರರನ್ನೂ ಇತರ ಅಧಿಕಾರಿಗಳನ್ನೂ ನೇಮಿಸಿರುವುದಾಗಿ ಅದೇ ಶಾಸನದಲ್ಲಿ ಹೇಳಿದ್ದಾನೆ.

ಆ ಪ್ರಾಕೃತ ಶಾಸನದಲ್ಲಿ ಪಂಥಕ್ಕೆ ಬಳಸಿರುವ ಮಾತು ‘ಪಾಸಂಡ’. ಎಲ್ಲ ಪಾಸಂಡಗಳನ್ನೂ ಅರಸ ಗೌರವಿಸುತ್ತಾನೆ ಎಂದು ಅದು ಶುರುವಾಗುತ್ತದೆ. ಸುಮಾರು ಸಾವಿರದ ಆರುನೂರು ವರ್ಷ ಕಳೆದು ಬೆಳಗೊಳದ ಕಲ್ಲಿಗೆ ಬನ್ನಿ. ಜೈನರನ್ನು ಕಾಯುವುದಕ್ಕೆಂದೇ ಹೊರಟ ಆ ಶಾಸನದ ತಲೆಯಲ್ಲಿರುವ ಶ್ಲೋಕ ರಾಮಾನುಜರನ್ನು ‘ಪಾಷಂಡಸಾಗರ ಮಹಾಬಡಬಾಮುಖಾಗ್ನಿ’ ಎಂದು ಸ್ತುತಿಸುತ್ತದೆ: ಪಾಷಂಡರೆಂಬ ಕಡಲನ್ನು ಸುಡುವ ಬಡಬಾಗ್ನಿ. ಅದೇ ಶಬ್ದ. ಅಶೋಕನ ಕಾಲಕ್ಕೆ ‘ಪಂಥದವರು’ ಎಂದಷ್ಟೇ ಇದ್ದದ್ದು ಇಲ್ಲಿಗೆ ಬರುವಾಗ ‘ದಾರಿಗೆಟ್ಟವರು’ ಎಂದಾಗಿದೆ. ಒಂದು ಸಮುದಾಯದ ಹೆಸರು ಮೆಲ್ಲಮೆಲ್ಲಗೆ ಬೈಗುಳವಾಗುವುದು ಯಾವ ಊರಿನಲ್ಲಾದರೂ ಮೊದಲು ಗಮನಿಸಬೇಕಾದ ಲಕ್ಷಣ. ಶ್ಲೋಕದ ಕೆಳಗೇ ಜೈನರ ಹಕ್ಕುಗಳ ಪಟ್ಟಿ ಇದೆ ಎಂಬುದೂ ಅಷ್ಟೇ ದೊಡ್ಡ ಸಂಗತಿ. ರಾಜಿಗೆ ಬಂದವರು ತಮ್ಮ ಗುರುವಿನ ಸ್ತುತಿ ಬಿಡಬೇಕಾಗಲಿಲ್ಲ, ನಂಬಿಕೆ ಸಡಿಲಿಸಬೇಕಾಗಲಿಲ್ಲ. ಬೀದಿಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಮಾತ್ರ ಒಪ್ಪಿದರೆ ಸಾಕಿತ್ತು.

ಆ ಒಪ್ಪಿಗೆ ಪಡೆದ ರೀತಿ ನೋಡಿ. ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ತಿರುನಾರಾಯಣಪುರ, ಅಂದರೆ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಶಾಸನ ಹೆಸರಿಸುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ನೀರು ತರುವ ತಣ್ಣೀರವರು, ನಾಲ್ವತ್ತೆಂಟು ತಲೆಮಕ್ಕಳು, ಸಾವಂತ ಬೋವಕ್ಕಳು, ತಿರಿಕುಲ, ಜಾಂಬವಕುಲದವರವರೆಗೆ ಹದಿನೆಂಟು ನಾಡಿನ ಶ್ರೀವೈಷ್ಣವರೆಲ್ಲ ಅದರೊಳಗೆ ಬರುತ್ತಾರೆ. ಗುರುಗಳು ಮಾತ್ರ ಸಹಿ ಹಾಕಿದ ಒಪ್ಪಂದ ಬೀದಿಯಲ್ಲಿ ಮುರಿಯುತ್ತದೆ, ಏಕೆಂದರೆ ಬೀದಿಯಲ್ಲಿ ಎದುರಾಗುವವರು ಗುರುಗಳಲ್ಲ. ಕಾವಲು ಕಾಯುವವರು, ನೀರು ಹೊರುವವರು, ಊರೂರಿನ ಆಳುಗಳು ಪಟ್ಟಿಯಲ್ಲಿದ್ದರೆ ‘ನಮಗೆ ಗೊತ್ತಿರಲಿಲ್ಲ’ ಎನ್ನಲು ದಾರಿ ಇರುವುದಿಲ್ಲ.

ಇಷ್ಟು ಜನರ ಎದುರಿಗೆ ರಾಯ ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲ ಎಂದು ಹೇಳಿ, ‘ವೈಷ್ಣವರ ಕೈಯಲು ಜೈನರ ಕೈವಿಡಿದು ಕೊಟ್ಟು’ ತೀರ್ಪು ಕೊಟ್ಟ. ಕನ್ನಡದಲ್ಲಿ ಕೈ ಹಿಡಿದು ಒಪ್ಪಿಸುವುದು ಎಂದರೆ ಏನೆಂದು ಮದುವೆ ಮನೆ ಕಂಡವರಿಗೆ ಹೇಳಬೇಕಿಲ್ಲ. ಒಪ್ಪಿಸಿಕೊಂಡವನ ತಲೆಯ ಮೇಲೆ ಹೊಣೆ ಬರುತ್ತದೆ. ಮುಂದಿನ ವಾಕ್ಯ ಆ ಹೊಣೆಯನ್ನು ಲೆಕ್ಕಕ್ಕೆ ಇಳಿಸುತ್ತದೆ: ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿ ಎಂದು ಪಾಲಿಸಬೇಕು. ಬಿಜ್ಜಳನದು ಜಯಪತ್ರ, ಅದು ಗೆದ್ದವನು ಯಾರೆಂದು ಹೇಳಿತು. ಬುಕ್ಕನದು ಮುಂದೆ ಏನಾದರೂ ಆದರೆ ಯಾರನ್ನು ಕೇಳಬೇಕು ಎಂದು ಹೇಳಿತು. ಎರಡರ ನಡುವೆ ಇನ್ನೂರು ವರ್ಷದ ಅನುಭವವಿದೆ.

ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿ ನೆಡಿಸಬೇಕಾದವರೂ ಶ್ರೀವೈಷ್ಣವರೇ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಅಂದರೆ ಶಾಸನದ ಕಲ್ಲೆಹದಲ್ಲಿ, ಇದರ ಇನ್ನೊಂದು ಪ್ರತಿ ಸಿಕ್ಕಿದೆ.

ಹಣದ ಏರ್ಪಾಡು ಹೀಗೆ. ರಾಜ್ಯದ ಜೈನರು ‘ಬಾಗಿಲುಗಟ್ಟಳೆಯಾಗಿ’, ಅಂದರೆ ಮನೆಬಾಗಿಲಿನ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಹಣ ಕೊಡಬೇಕು. ಹಣ ಎಂದರೆ ಇಲ್ಲಿ ಆ ಕಾಲದ ಒಂದು ಸಣ್ಣ ನಾಣ್ಯ, ಹತ್ತು ಹಣಕ್ಕೆ ಗದ್ಯಾಣ ಎಂಬ ಒಂದು ದೊಡ್ಡ ನಾಣ್ಯ. ಬಾಗಿಲು ಎಣಿಸುವುದು ಸುಲಭ, ಆಸ್ತಿ ಅಳೆಯುವ ತಕರಾರಿಲ್ಲ. ಬಡವನಿಗೂ ಶೆಟ್ಟಿಗೂ ಒಂದೇ ದರವಾಗುವುದು ಅದರ ಕೊರತೆ. ಎತ್ತುವವರು ತಿರುಮಲೆಯ ತಾತಯ್ಯ, ವೈಷ್ಣವ ಗುರು. ಅದೂ ಜೈನರ ಅನುಮತಿಯಿಂದ ಎಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಬಂದ ಹಣದಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ‘ಸೊದೆಯನಿಕ್ಕೂದು’. ಸೊದೆ ಎಂದರೆ ಸುಣ್ಣ.

ಸುಣ್ಣದ ಮಾತನ್ನು ಹಗುರವಾಗಿ ದಾಟಬಾರದು. ಕಲ್ಲಿನ ಗುಡಿಯ ಮಾಡಿಗೆ ಹಾಕಿದ ಗಾರೆ ಬಿರುಕುಬಿಟ್ಟರೆ ಮಳೆನೀರು ಇಳಿಯುತ್ತದೆ, ಸಂದಿನಲ್ಲಿ ಹಕ್ಕಿ ಉದುರಿಸಿದ ಅರಳಿಬೀಜ ಬೇರುಬಿಡುತ್ತದೆ, ಕೆಲವು ವರ್ಷಗಳಲ್ಲಿ ಕಲ್ಲು ಕಲ್ಲು ಬೇರೆಯಾಗುತ್ತವೆ. ಪಾಳುಬಿದ್ದ ಕಟ್ಟಡ ಯಾರದೂ ಅಲ್ಲದ ಕಟ್ಟಡದಂತೆ ಕಾಣುತ್ತದೆ, ಅಂಥದಕ್ಕೆ ಹೊಸ ಒಡೆಯ ಬೇಗ ಹುಟ್ಟುತ್ತಾನೆ. ಬಿಳಿ ಸುಣ್ಣ ಬಳಿದ ಗೋಡೆ ಇಲ್ಲಿ ಜನ ಇದ್ದಾರೆ, ಪೂಜೆ ನಡೆಯುತ್ತಿದೆ ಎಂದು ದೂರದಿಂದಲೇ ಹೇಳುತ್ತದೆ. ಕಾವಲಿನಷ್ಟೇ ಕೆಲಸ ಸುಣ್ಣವೂ ಮಾಡುತ್ತದೆ.

ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಸಮುದಾಯಕ್ಕೆ ದ್ರೋಹಿ. ತಪಸ್ವಿಯಾಗಲಿ ಊರಿನ ಗ್ರಾಮಣಿಯಾಗಲಿ ಕೆಡಿಸಿದರೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪ. ಈ ಶಾಪ ಅಂದಿನ ಶಾಸನಗಳಲ್ಲಿ ವಾಡಿಕೆಯದು. ಆದರೂ ಮುರಿಯುವ ಬಲ ಇದ್ದವರು ಯಾವ ಪಾಪಕ್ಕೆ ಅಂಜುತ್ತಾರೋ ಅದೇ ಇಲ್ಲಿದೆ.

ಈ ಏರ್ಪಾಡಿನ ದೋಷವನ್ನೂ ಹೇಳಬೇಕು. ಅನ್ಯಾಯವಾದದ್ದು ಜೈನರಿಗೆ, ಕಾವಲಿನ ಖರ್ಚು ಬಿದ್ದದ್ದೂ ಜೈನರಿಗೆ. ರಕ್ಷಣೆ ಬಲಿಷ್ಠರ ಕೈಯಲ್ಲಿ, ಹಣ ದುರ್ಬಲರ ಕೈಯಿಂದ. ಫ್ರಾನ್ಸಿನಲ್ಲಿ 1598ರಲ್ಲಿ ನಾಲ್ಕನೆಯ ಹೆನ್ರಿ ಹೊರಡಿಸಿದ ನಾಂಟ್ ಶಾಸನದ ಏರ್ಪಾಡು ಇದಕ್ಕೆ ತಲೆಕೆಳಗು: ಪ್ರೊಟೆಸ್ಟಂಟರಿಗೆ ಅವರದೇ ಕೋಟೆಪಟ್ಟಣಗಳು, ಅಲ್ಲಿನ ಪಡೆಗೆ ರಾಜನ ಹಣ. ನ್ಯಾಯದ ದೃಷ್ಟಿಯಿಂದ ಇದು ಮೇಲು. ಆದರೆ ರಾಜ್ಯದೊಳಗೆ ಇನ್ನೊಂದು ಸೈನ್ಯ ಇರುವುದನ್ನು ಮುಂದಿನ ಅರಸರು ಸಹಿಸಲಿಲ್ಲ. 1629ರಲ್ಲಿ ಕೋಟೆಗಳು ಹೋದವು, ಹಕ್ಕುಗಳು ಕಾಗದದಲ್ಲಿ ಉಳಿದವು. 1685ರಲ್ಲಿ ಹದಿನಾಲ್ಕನೆಯ ಲೂಯಿ ಕಾಗದವನ್ನೂ ರದ್ದು ಮಾಡಿದ. ಲಕ್ಷಾಂತರ ಜನ ದೇಶ ಬಿಟ್ಟರು. ಮೊದಲು ಕಾವಲು ಹೋಗುತ್ತದೆ, ಆಮೇಲೆ ಹಕ್ಕು ಹೋಗುತ್ತದೆ. ಈ ಕ್ರಮ ಬಹಳ ಕಡೆ ಹೀಗೇ.

ನಮ್ಮಲ್ಲಿ ರಾಜಿ ಹೇಗೆ ಸಣ್ಣದಾಗುತ್ತ ಬಂತೆಂದು ಹಳೇಬೀಡಿನಲ್ಲಿ ಕಾಣುತ್ತದೆ. 1638ರಲ್ಲಿ, ಬೇಲೂರಿನ ವೆಂಕಟಾದ್ರಿ ನಾಯಕನ ಆಳ್ವಿಕೆಯಲ್ಲಿ, ಹುಚ್ಚಪ್ಪದೇವ ಎಂಬಾತ ಅಲ್ಲಿನ ವಿಜಯಪಾರ್ಶ್ವ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬಾತ ಅದನ್ನು ಅಳಿಸಿದ. ಅಷ್ಟಕ್ಕೇ ನಾಡು ಬಿಸಿಯಾಯಿತು. ಜೈನರು ಬಿನ್ನಹ ಮಾಡಿಕೊಂಡ ಮೇಲೆ ಮಹಾಮಹತ್ತಿನವರು, ಅಂದರೆ ವೀರಶೈವ ಮುಖಂಡರು, ಸೇರಿ ಕಟ್ಟಳೆ ಮಾಡಿದರು: ಮೊದಲು ವಿಭೂತಿ ವೀಳ್ಯ ಕೊಡಿಸಿ, ಆಮೇಲೆ ಜೈನರು ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಂತೆ ನಡೆಸಿಕೊಳ್ಳಬಹುದು. ಇದನ್ನು ಕೆಡಿಸಿದವನು ಶಿವನಿಗೆ, ಜಂಗಮಕ್ಕೆ, ವಿಭೂತಿ ರುದ್ರಾಕ್ಷಿಗೆ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ದ್ರೋಹಿ. ಇಲ್ಲಿ ಶಾಪ ವಾಡಿಕೆಯದಲ್ಲ, ತಮ್ಮವರಿಗೇ ಅಳತೆ ಹಿಡಿದು ಹೊಲಿದದ್ದು. ಮಹಾಮಹತ್ತಿನವರು ತಮ್ಮ ಕಡೆಯವರ ಕೈಯನ್ನು ತಮ್ಮದೇ ಪವಿತ್ರ ವಸ್ತುಗಳಿಂದ ಕಟ್ಟಿದರು, ಅದು ದೊಡ್ಡ ಮಾತು. ಆದರೆ 1368ರಲ್ಲಿ ‘ಭೇದವಿಲ್ಲ’ ಎಂದಿದ್ದದ್ದು 1638ಕ್ಕೆ ‘ಮೊದಲು ನಮ್ಮದು, ಆಮೇಲೆ ನಿಮ್ಮದು’ ಎಂದಾಗಿದೆ. ಜೀವ ಉಳಿಯಿತು, ಪೂಜೆ ಉಳಿಯಿತು, ಸಮಾನ ಗೌರವ ಉಳಿಯಲಿಲ್ಲ.

ಷರೀಫ್ ಶಿಬಿರದ ಕೊನೆಯ ಭಾಗವನ್ನು ಇಲ್ಲಿ ನೆನೆಯಬಹುದು. ಎರಡು ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಸರಿಹೋಗುತ್ತಾರೆ ಎಂದುಕೊಂಡರು, ಹುಡುಗರು ತಿಂಡಿಯನ್ನೇ ಎಸೆದಾಡಿದರು. ಪರಸ್ಪರ ಮುಖ ನೋಡುವುದರಿಂದ ಏನೂ ಆಗಲಿಲ್ಲ. ಶಿಬಿರದ ನೀರು ನಿಂತಾಗ ಕೊಳವೆ ಹುಡುಕಿದ್ದರಿಂದ, ಸಿನಿಮಾ ತರಿಸಲು ಎರಡೂ ಗುಂಪು ಹಣ ಹಾಕಿದ್ದರಿಂದ, ಕೆಟ್ಟುನಿಂತ ಟ್ರಕ್ಕನ್ನು ಹಗ್ಗಜಗ್ಗಾಟದ ಅದೇ ಹಗ್ಗ ಕಟ್ಟಿ ಎಲ್ಲರೂ ಎಳೆದದ್ದರಿಂದ ಸಿಟ್ಟು ಇಳಿಯಿತು. ಒಂದು ಸಲದಿಂದ ಅಲ್ಲ, ಮತ್ತೆ ಮತ್ತೆ ಮಾಡಿದ್ದರಿಂದ.

ಬೆಳಗೊಳದ ಕಲ್ಲಿನಲ್ಲೂ ಕೊನೆಗೆ ಕೆಲವು ಸಾಲು ಆಮೇಲೆ ಸೇರಿವೆ. ಸೂರ್ಯಚಂದ್ರರಿರುವವರೆಗೆ ಎಂದು ಬರೆದ ಕಟ್ಟಳೆಗೆ ಮತ್ತೊಮ್ಮೆ ಕೈಹಚ್ಚಬೇಕಾಗಿ ಬಂತು. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡು, ಜೀರ್ಣೋದ್ಧಾರ ಮಾಡಿಸಿದ. ಎರಡು ಸಮಯದವರೂ, ಅಂದರೆ ಎರಡು ಪಂಥದವರೂ, ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.